ಟೋಕನ್ ನಲವತ್ತೊಂದು

ಅರಗಾ ಗೇಟಿನಲ್ಲಿ ಬೆಳಿಗ್ಗೆ ಏಳೂವರೆಗೆ
ಕಿಸೆ ಬರಿದು ಮಾಡಬೇಕು.
ಕವಳದ ಚಂಚಿ, ಟೆಸ್ಟರು, ಬಸ್ಸಿನ ಚಿಲ್ಲರೆ,
ಕೊನೆಗೆ ಅದು:
ಬೆರಳುದ್ದದ ಮಡಿಚುವ ಚೂರಿ.
ಹಿಡಿಗೆ ತಾಮ್ರದ ತಂತಿ ಸುತ್ತಿದ್ದು ಅಪ್ಪ,
ಬಲೆ ಹೊಲಿಯುವಾಗ ಒದ್ದೆ ಕೈಗೆ ಜಾರದಿರಲೆಂದು.

ಇದೇನು ಅಂತ ಹಿಂದಿಯಲ್ಲಿ ಕೇಳಿದ, ಹೊಸಬ.
ಹತ್ಯಾರ, ಅಂದೆ.
ಅಲ್ಲೇ ತಪ್ಪಿದ್ದು.
ನಮ್ಮ ಕಡೆ ಹತ್ಯಾರವೆಂದರೆ
ಬಡಗಿಯ ಉಳಿ, ಕ್ಷೌರಿಕನ ಪೆಟ್ಟಿಗೆ, ಹೊಟ್ಟೆಪಾಡು.
ಅವನ ಕಡೆ ಬೇರೆ.
ಒಂದು ಹೆಜ್ಜೆ ಹಿಂದೆ ಸರಿದ.

ಸ್ಕ್ರೂಡ್ರೈವರು ಹೋಗಬಹುದು, ಅದು ಗೇಣುದ್ದ.
ಸುತ್ತಿಗೆಯೂ ಹೋಗಬಹುದು,
ಗುತ್ತಿಗೆದಾರ ಕೊಟ್ಟ ಪಟ್ಟಿಯಲ್ಲಿದೆ.
ಚೂರಿ ಪಟ್ಟಿಯಲ್ಲಿಲ್ಲ.
ಬರೆದುಕೊಂಡ: ಪುರ್ಸು ಬೀರಾ ಹರಿಕಂತ್ರ, ಏಸಿ ಮೆಕ್ಯಾನಿಕ್.
ಊರು?
ತೋಡೂರು ಕಾಲನಿ, ಅಂದೆ.
ಇದೇ, ನೀ ಕುರ್ಚಿ ಹಾಕಿಕೊಂಡದ್ದೇ,
ಅಂತ ಬಾಯಿಗೆ ಬಂದದ್ದನ್ನು ಕವಳದ ಜೊತೆ ನುಂಗಿದೆ.
ಹಿಂದೆ ಸಾಲು ಉದ್ದವಿತ್ತು.

ಒಳಗೆ ಎರಡನೇ ಮಹಡಿಯ ಏಸಿ
ನೀರು ಸುರಿಸುತ್ತಿತ್ತು.
ಟೇಪು ಹರಿಯಲಿಲ್ಲ ಬೆರಳಿಗೆ,
ಇಕ್ಕಳಕ್ಕೆ ನಾರುನಾರಾಯಿತು.
ಕಡೆಗೆ ಹಲ್ಲಿನಿಂದ ಕಚ್ಚಿದೆ.
ಹಲ್ಲುಗಳನ್ನು ಗೇಟಿನಲ್ಲಿ ಯಾರೂ ಎಣಿಸಿರಲಿಲ್ಲ.
ವಯರಿನ ಸಿಪ್ಪೆ ಸುಲಿಯುವಾಗ
ಬಲಗೈ ತಾನಾಗಿ ಕಿಸೆಗೆ ಹೋಯಿತು, ಮೂರು ಸಲ.
ಬಾಗಿಲಿಲ್ಲದ ಮನೆಯಲ್ಲಿ ಚಿಲಕ ಹುಡುಕಿದ ಹಾಗೆ.

ಸಂಜೆ ಟೋಕನ್ ಕೊಟ್ಟೆ.
ಡ್ರಾವರಿನಿಂದ ತೆಗೆದ,
ಕೊಡುವ ಮೊದಲು ತನ್ನ ಪ್ಯಾಂಟಿಗೆ ಒಮ್ಮೆ ಒರೆಸಿದ.
ಯಾಕೆ ಒರೆಸಿದನೆಂದು ಆಗ ಹೊಳೆಯಲಿಲ್ಲ.
ಬಿಡಿಸಿದರೆ ಅಲಗು ಬರಲೊಲ್ಲದು, ಅಂಟು.
ಮೂಗಿಗೆ ಹಿಡಿದೆ.
ಇಷಾಡು.
ಅವನು ರಸ್ತೆ ನೋಡಿದ.
ಆಮೇಲೆ ನಕ್ಕ, ಮೀಸೆ ಇನ್ನೂ ಗಟ್ಟಿಯಾಗದ ಹುಡುಗ.
ಮೆಸ್ಸಿನ ಹಿಂದೆ ಹಳೇ ಮರವಂತೆ,
ಪಕ್ಕದಲ್ಲಿ ಮುಚ್ಚಿದ ಬಾವಿಯಂತೆ,
ಇಂಥ ಸಿಹಿ ತನ್ನ ಊರಲ್ಲೂ ಇಲ್ಲವಂತೆ.

ಬಾವಿಯ ಕಟ್ಟೆಗೆ ಕೆಂಪು ಕಲ್ಲೋ ಎಂದು ಕೇಳಬಹುದಿತ್ತು.
ಬಸ್ಸು ಬಂತು.
ಅಮದಳ್ಳಿ ದಾಟುವ ತನಕ
ಕಿಸೆಯೊಳಗೆ ಕೈಯಿಟ್ಟೇ ಕೂತಿದ್ದೆ.
ಮನೆಯಲ್ಲಿ ಅಪ್ಪನಿಗೆ ಏನೂ ಹೇಳಲಿಲ್ಲ.
ಚೂರಿಯನ್ನು ಅವನ ಹಾಸಿಗೆಯ ಬದಿ ಇಟ್ಟೆ, ಬಿಚ್ಚಿಯೇ.
ಕಣ್ಣು ಮಂಜಾದವನು,
ತುಸು ಹೊತ್ತು ಸುಮ್ಮನಿದ್ದು,
ಈ ವರ್ಷ ಬೇಗ ಹಣ್ಣಾಗಿದೆ, ಅಂದ.

ಬೆಳಿಗ್ಗೆ ಕಿಸೆಗೆ ಇರುವೆ ಮುತ್ತಿತ್ತು.
ಕೊಡವಿ ಅದನ್ನೇ ತೊಟ್ಟು
ಚೂರಿಯ ಸಮೇತ ಸಾಲಿನಲ್ಲಿ ನಿಂತೆ.
ಹಣ್ಣು ಇನ್ನೊಂದು ವಾರ ಇರುತ್ತದೆ ಅಂದಿದ್ದ.