ಮೂರು ನೀಲಿ ಚುಕ್ಕೆ

ತಲೆಗೆ ಮೂರು.
ಅಂಟಿಸುವ ನೀಲಿ ಚುಕ್ಕೆ, ಬಟಾಣಿಯಷ್ಟು,
ಬಾಗಿಲಲ್ಲೇ ಎಣಿಸಿ ಎಣಿಸಿ ಕೊಟ್ಟರು
ಶಾಲಾ ಮಂಡಳಿಯ ಅಧ್ಯಕ್ಷೆ ಮಾರ್ಲಿಸ್ ಹೌಗನ್.
ಜಿಮ್ಮಿನ ಗೋಡೆಗೆ ಎಂಟು ದೊಡ್ಡ ಹಾಳೆ:
ಓದು ಬರಹ. ಗಣಿತ. ಭದ್ರತೆ. ತಂತ್ರಜ್ಞಾನ.
ಆಟ, ಸಂಗೀತ. ಬಸ್ಸು. ಕಟ್ಟಡ.
ಎಂಟನೆಯದು ಮಿತವ್ಯಯ.
“ನಿಮ್ಮ ಆದ್ಯತೆ ಎಲ್ಲಿದೆಯೋ ಅಲ್ಲಿ ಅಂಟಿಸಿ.”

ಮಿನೆಸೋಟದ ಉತ್ತರದಂಚು. ಗಣಿ ಮುಚ್ಚಿ ಹನ್ನೊಂದು ವರ್ಷ.
ಹೊರಗೆ ಸೊನ್ನೆಗೂ ಇಪ್ಪತ್ತೆರಡು ಕೆಳಗೆ.
ಆದರೂ ಬಂದಿದ್ದರು ನೂರಾ ನಲವತ್ತು ಜನ,
ಬೂಟಿನ ಹಿಮವನ್ನು ನನ್ನ ನೆಲದ ಮೇಲೆ ಕರಗಿಸುತ್ತ.
ನನ್ನ ನೆಲ ಅಂತೀನಿ.
ಇಪ್ಪತ್ತಾರು ವರ್ಷ ಒರೆಸಿದವನು ಇನ್ನೇನನ್ನಲಿ?

ಖಜಾಂಚಿ ಡ್ವೇನ್ ಸ್ಕಾಲ್ಕೊ ಎದ್ದ, ಒಳ್ಳೆಯವನೇ,
ನಾಲ್ಕು ಲಕ್ಷದ ಹತ್ತು ಸಾವಿರ ಡಾಲರ್ ಖೋತಾ ಎಂದ,
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದ.
ಹಿಂದಿನ ಸಾಲಿನಿಂದ ಅಡುಗೆಯ ಶಾರ್ಲೀನ್,
ಕೈಯೆತ್ತದೆ, ಎದ್ದು ನಿಲ್ಲದೆ:
“ಮಲಗಿರುವವರು ಮಕ್ಕಳು, ಡ್ವೇನ್. ಕಾಲು ಬೆಳೆಯುತ್ತವೆ.”
ಯಾರೋ ನಕ್ಕರು. ಅವನೂ ನಕ್ಕು ಕನ್ನಡಕ ಒರೆಸಿದ,
ಒರೆಸುತ್ತಲೇ ಇದ್ದ.

ಆಮೇಲೆ ಮಾತು. ಹಾಕಿಯ ಅಪ್ಪಂದಿರು, ಬ್ಯಾಂಡಿನ ಅಮ್ಮಂದಿರು.
ಮೂರನೇ ಕ್ಲಾಸಾದರೂ ಓದಲು ಬಾರದ ಹುಡುಗನ ತಾತ
ಬರೆದು ತಂದದ್ದನ್ನು ಓದಿದ, ಪದಪದಕ್ಕೂ ಬೆರಳಿಟ್ಟು.
ಈಗ ಯಾರೂ ನಗಲಿಲ್ಲ.
ಒಂಬತ್ತನೇ ಬಸ್ಸು ನಿಲ್ಲಿಸಿ ನಾಲ್ಕನೆಯದಕ್ಕೆ ಸೇರಿಸಿದರೆ
ಉಳಿತಾಯ ಎಪ್ಪತ್ತೊಂದು ಸಾವಿರ, ಎಂದಿತು ಪರದೆ.
ಪರದೆಗೇನು ಗೊತ್ತು?
ಒಂಬತ್ತರ ತುದಿಯ ನಿಲ್ದಾಣದಲ್ಲಿ, ಸರೋವರದಾಚೆ,
ಡೇಲಿಯಾ ಕಿಂಗ್‌ಬರ್ಡ್ ಎಂಬ ಏಳು ವರ್ಷ
ಅಜ್ಜಿಯ ಟಾರ್ಚಿನ ಪಕ್ಕ, ಮೊಣಕಾಲುದ್ದ ಹಿಮದಲ್ಲಿ,
ಈಗಲೇ ಆರೂವರೆಗೆ ನಿಂತಿರುತ್ತದೆ.

ಚುಕ್ಕೆ ಬಿದ್ದವು.
ಓದಿನ ಮೇಲೆ ಆಕಾಶವೇ ಇಳಿಯಿತು, ಇಳಿಯಲಿ.
ಭದ್ರತೆಗೆ ಒಂದು ಹಿಂಡು. ಬಸ್ಸಿಗೆ ಹದಿಮೂರು.
ಕಟ್ಟಡಕ್ಕೆ ಐದು, ಅದರಲ್ಲೆರಡು ನನ್ನವು: ಬಾಯ್ಲರಿನ ಋಣ.
ಊಟ ಎಂಬ ಹಾಳೆಯೇ ಇರಲಿಲ್ಲ.
ಶಾರ್ಲೀನ್ ತನ್ನ ಮೂರನ್ನೂ
ಹಾಳೆಗೂ ಹಾಳೆಗೂ ನಡುವಿನ ಬರಿಗೋಡೆಗೆ
ಒತ್ತಿ ಹೋದಳು.

ಎಣಿಸುವಾಗ ಅವನ್ನು ಎಣಿಸಲಿಲ್ಲ.
ಹಾಳೆ ಸುರುಳಿ ಸುತ್ತಿಕೊಂಡು ಹೋದರು, ಗೋಡೆಯಲ್ಲಿ ಮೂರು ಉಳಿದವು.
ಉಗುರಿನಿಂದ ಕೆರೆಯುವುದು ನನ್ನ ಕೆಲಸ.
ಕೆರೆಯಲಿಲ್ಲ.

ಆದ್ಯತೆ ಎಂದರೆ, ನನಗೆ ತಿಳಿದ ಮಟ್ಟಿಗೆ,
ಮೊದಲು ಯಾವುದು ಅನ್ನುವುದು.
ಮೊದಲು ನಾಲ್ಕು ಗಂಟೆ. ಕೀಲಿ ಬೆರಳಿಗಂಟುವ ಚಳಿ.
ಅರವತ್ತೆಂಟನೇ ಇಸವಿಯ ಬಾಯ್ಲರಿಗೆ
ಒಂದು ಬೈಗುಳ, ಒಂದು ಒದೆ, ನೀಲಿ ಜ್ವಾಲೆ.
ಆಮೇಲೆ ಬಸ್ಸುಗಳು, ರಾತ್ರಿಯಿಡೀ ತಂತಿಯಿಂದ ಶಾಖ ಕುಡಿದವು,
ಒಂದೊಂದಾಗಿ ಕೆಮ್ಮಿ ಏಳಬೇಕು.
ಆಮೇಲೆ ಓಟ್ಸ್ ಗಂಜಿ; ಅದು ಕುದಿಯುವವರೆಗೆ
ಶಾರ್ಲೀನ್ ಯಾರೊಡನೆಯೂ ಮಾತಾಡುವುದಿಲ್ಲ.
ಆಮೇಲೆ ಉಪ್ಪು, ಮೆಟ್ಟಿಲಿಗೆ.
ಓದು ಬರಹ ಬರುವುದು ಎಂಟಕ್ಕೆ,
ಕೈಗವಸು ಕಳಚುತ್ತ, ಮೂಗೊರೆಸಿಕೊಳ್ಳುತ್ತ.

ಮಾರನೆಯ ಬೆಳಗ್ಗೆ ಐದೂಕಾಲಿಗೆ
ಬಸ್ಸಿನ ಶೆಡ್ಡಿನಲ್ಲಿ ಡ್ವೇನ್,
ಕೈಯಲ್ಲಿ ಕಾಫಿ, ರೆಪ್ಪೆಯಲ್ಲಿ ಹಿಮದ ಹರಳು.
“ಒಂಬತ್ತು ಯಾವುದು, ರೈನೊ?”
ತೋರಿಸಿದೆ. ಹತ್ತಿ ಕೂತ, ಹಿಂದಿನಿಂದ ಮೂರನೇ ಸೀಟು,
ಮಕ್ಕಳ ಅಳತೆಯದು. ಮೊಣಕಾಲು ಮುಂದಿನ ಬೆನ್ನಿಗೆ ಒತ್ತಿ,
ಅಡ್ಡ ತಿರುಗಿ, ಮತ್ತೆ ನೆಟ್ಟಗೆ ಕೂತು,
ಎಲ್ಲಿ ಚಾಚಲಿ ಎಂಬಂತೆ ನನ್ನ ಕಡೆ ನೋಡಿದ.

ನಾನು ಬಾಗಿಲು ತಳ್ಳಿದೆ. ಕೆಂಪು ದೀಪ ತಿರುವು ದಾಟಿತು.
ಮತ ಹಾಕುವುದು ಮಾರ್ಚಿನಲ್ಲಿ.
ನನ್ನ ಮೂರನೇ ಚುಕ್ಕೆ ಇನ್ನೂ ಜೇಬಲ್ಲಿದೆ,
ನೂಲು ಹತ್ತಿ ಅಂಟು ಅರ್ಧ ಹೋಗಿದೆ,
ಅರ್ಧ ಇದೆ.