ಸುಂಕದವಳು

ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಹೇಳುತ್ತಾರೆ. ದಿನಕ್ಕೆ ನಲವತ್ತು ಕಾಗದ
ಲಂಡನ್ನಿನ ಒಂದು ಕಚೇರಿಯ ನಾಲ್ಕನೇ ಮಹಡಿಗೆ,
ವಿನಿಫ್ರೆಡ್ ಓಸೆಯಿಯ ಮೇಜಿಗೆ.

ರಸ್ತೆಯ ಮೇಲೆ ಕೆಂಪು ವೃತ್ತ, ಒಳಗೆ ಬಿಳಿಯ ಸಿ.
ಬೆಳಗಿನ ಏಳರಿಂದ ಸಂಜೆ ಆರರ ತನಕ
ಅದನ್ನು ದಾಟಿದವರ ನಂಬರು
ಕಂಬದ ಕಣ್ಣು ಬರೆದುಕೊಳ್ಳುತ್ತದೆ.
ಅದಕ್ಕೆ ರೆಪ್ಪೆಯಿಲ್ಲ. ಕಿವಿಯಂತೂ ಮೊದಲೇ ಇಲ್ಲ.
ಕಿವಿಯ ಕೆಲಸ ಇವಳದು.

"ನಾಯಿಗೆ ಹೊಟ್ಟೆನೋವಿತ್ತು ಮೇಡಂ."
"ದಾರಿ ತಪ್ಪಿತು, ಹೊರಬರುವ ಗಡಿಬಿಡಿಯಲ್ಲಿ ಮತ್ತೆ ಒಳಗೇ ಹೊಕ್ಕೆ."
"ರಸ್ತೆ ಏನು ನಿಮ್ಮಪ್ಪನ ಗಂಟೇ?"
ಇವತ್ತು ಡೆಸ್ಮಂಡ್ ಪಿಗಟ್, ಕಿಟಕಿಗೆ ಗಾಜು ಕೂರಿಸುವವನು:
"ಏಳು ಗಂಟೆ ಒಂದು ನಿಮಿಷ. ಒಪ್ಪುತ್ತೇನೆ.
ವ್ಯಾನಿನ ಪಕ್ಕೆಗೆ ಆರಡಿಯ ಗಾಜು ಕಟ್ಟಿತ್ತು.
ಗಾಜು ಹೊತ್ತವನು ಅವಸರ ಮಾಡಲಾರ.
ಅದಿರಲಿ, ಈ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ?"

ನಮೂನೆಯಲ್ಲಿ ಗಾಜಿಗೆ ಕಾಲಂ ಇಲ್ಲ.
ಕೊನೆಯ ಪ್ರಶ್ನೆಗೂ ಇಲ್ಲ.
ಠಸ್ಸೆ ಒತ್ತಿದಳು: ತಿರಸ್ಕೃತ.

ಐದೂವರೆಗೆ ಬಸ್ ನಿಲ್ದಾಣ.
ವಾಕರ್ ಹಿಡಿದ ಮುದುಕನೊಬ್ಬ ಕಟ್ಟೆಯ ಅಂಚಿನಲ್ಲಿ
ಕಾಲೆತ್ತಲೋ ಬೇಡವೋ ಎಂದು ನಿಂತಿದ್ದ.
ಬಸ್ಸು ಬಂತು. ಹೊಸದು, ಬಣ್ಣದ ವಾಸನೆ ಇನ್ನೂ ಹೋಗಿಲ್ಲ.
ಉಸ್ಸೆಂದಿತು,
ಮಾವುತನ ಮಾತು ಕೇಳಿದ ಆನೆಯ ಹಾಗೆ
ಒಂದು ಮಗ್ಗುಲಿಗೆ ಮಂಡಿಯೂರಿತು.
ಅವನು ಹತ್ತಲಿಲ್ಲ. ಸುಮ್ಮನೆ ನಡೆದ,
ಅಡುಗೆಮನೆಯಿಂದ ಪಡಸಾಲೆಗೆ ಬಂದ ಹಾಗೆ.

ನಾಯಿಯ ಹೊಟ್ಟೆನೋವು ಇದರ ಯಾವ ಮೂಳೆ?
ದಾರಿ ತಪ್ಪಿದವನು ಇದರ ಯಾವ ದೀಪ?
ಪಿಗಟ್‌ನ ಒಂದು ನಿಮಿಷ
ಈ ಉಸ್ಸಿನಲ್ಲಿ ಎಷ್ಟನೆಯ ಪಾಲು?
ಗುರುತು ಹಚ್ಚೋಣವೆಂದರೆ ದುಡ್ಡಿಗೆ ಮುಖವಿಲ್ಲ.

ಬಸ್ಸು ತನ್ನ ಓಣಿಯಲ್ಲಿ ಸರಾಗ ಹೋಗಿ
ಕೆಂಪು ವೃತ್ತದಿಂದ ಆಚೆ ಬಂತು.
ಅಲ್ಲಿ, ಗೆರೆಗೆ ಹತ್ತು ಮಾರು ದೂರದಲ್ಲಿ,
ಎಂಜಿನ್ ಆರಿಸಿ ನಿಂತ ಒಂದು ವ್ಯಾನು. ಪಕ್ಕೆಗೆ ಗಾಜು.
ಅವನೋ, ಅವನಂಥ ಇನ್ನೊಬ್ಬನೋ.
ಒಂದು ಗಳಿಗೆ ಇಡೀ ಬಸ್ಸು ಆ ಗಾಜಿನೊಳಗೆ ಹಾದುಹೋಯಿತು:
ಮೇಲಂತಸ್ತಿನ ಶಾಲೆಮಕ್ಕಳು, ತೂಕಡಿಸುವ ನರ್ಸು,
ಮುದುಕ, ಮುದುಕನ ವಾಕರು,
ಅವಳು,
ಒಂದು ಬಿರುಕೂ ಇಲ್ಲದೆ.

ಉತ್ತರ ಬರೆಯಬಹುದಿತ್ತು ಅಂದುಕೊಂಡಳು.

ಅವನು ತಲೆಯೆತ್ತಲಿಲ್ಲ.
ಗಡಿಯಾರ ನೋಡುತ್ತಿದ್ದ.
ಆರಾಗಲು ಇನ್ನೂ ಹನ್ನೆರಡು ನಿಮಿಷ.