ಹನ್ನೆರಡನೆಯ ಕುಳಿ

ಮುಕ್ಕಾಲು ಗಂಟೆ, ತಲೆಗೆ ಮುನ್ನೂರೈವತ್ತು.
ನೀರಿನ ಬಾಟಲಿ ನಮ್ಮದು, ಸೊಂಟ ಮಾತ್ರ ನಿಮ್ಮದು
ಎಂದು ನಗಿಸುತ್ತಲೇ ತಿರುಮಲೇಶ
ಚಾವಣಿಯಿಲ್ಲದ ಜೀಪಿನ ಹಿಂಬಾಗಿಲಿಗೆ
ಸೈಕಲ್ ಟ್ಯೂಬು ಬಿಗಿದ.

ಪಾಂಡವಪುರದ ಡಾಂಬರು ಮುಗಿದಲ್ಲಿ
ಕಬ್ಬಿನ ಗದ್ದೆಯೂ ಮುಗಿಯಿತು.
ನಾಲೆಯ ಏರಿ ಒಂದಷ್ಟು ದೂರ ಜೊತೆಗೆ ಬಂದು
ನಿಮ್ಮ ಪಾಡು ನಿಮಗೆ ಎಂಬಂತೆ ಎಡಕ್ಕೆ ಹೊರಳಿತು.
ಆಮೇಲೆ ದಾರಿ ಎಂದರೆ
ಹಿಂದಿನ ಮಳೆ ಇಳಿದುಹೋದ ಗುರುತು, ಅಷ್ಟೆ.

ಎದುರಿಗೆ ನಂಜನಗೂಡಿನ ಗಂಡ ಹೆಂಡತಿ,
ಅವರ ಮಗಳು ಧನ್ವಿ, ಏಳು ವರ್ಷ,
ಕುಲುಕುಗಳ ಲೆಕ್ಕ ಇಡುತ್ತಿದ್ದಾಳೆ:
ಹದಿನಾರು, ಹದಿನೇಳು,
ಹದಿನೆಂಟಕ್ಕೆ ಅವಳಪ್ಪನ ಕನ್ನಡಕ ಹಾರಿ ನನ್ನ ಮಡಿಲಿಗೆ.
ಫಸ್ಟ್ ಗೇರಿನಲ್ಲಿ ಬಂಡೆಯ ಬೆನ್ನು ಹತ್ತುವಾಗ
ಮುಂದೆ ಬರೀ ಆಕಾಶ,
ಇಳಿಯುವಾಗ ಬರೀ ನೆಲ,
ನಡುವೆ ಒಂದು ಗಳಿಗೆ ಎರಡೂ ಇಲ್ಲ.
ಆಗ ಹಿಡಿದ ಕೈ ಯಾರದೆಂದು
ಯಾರೂ ಕೇಳುವುದಿಲ್ಲ.

ಕಣಿವೆ ದೊಡ್ಡದೇನಲ್ಲ.
ಎರಡು ಗುಡ್ಡಗಳ ನಡುವೆ ಯಾರೋ ಚೀಲದ ಬಾಯಿ ಬಿಚ್ಚಿ ಸುರುವಿ
ಎತ್ತಿಡಲು ಮರೆತ ಗುಂಡುಗಳು.
ಬೂದಿ ಬಣ್ಣ, ಕೆಲವು ಕಡೆ ಸೀದ ರೊಟ್ಟಿಯ ಬಣ್ಣ,
ಸಂದಿನಲ್ಲೆಲ್ಲ ಬಂದರೆ ಗಿಡ, ಕತ್ತಾಳೆ.
ಕೆಂಪು ಕತ್ತಿನ ಓತಿಕ್ಯಾತವೊಂದು ದಂಡ ಹೊಡೆಯುತ್ತ
ಟಿಕೆಟ್ ಎಲ್ಲಿ ಎಂದು ಕೇಳುವ ಗತ್ತಿನಲ್ಲಿತ್ತು.

"ಅದು ಅತ್ತೆ ಗುಂಡು, ಪಕ್ಕದ್ದು ಸೊಸೆ.
ಮಧ್ಯ ಒಂದು ಗೇಣು ಸಂದು ಅದೆ ನೋಡಿ,
ಇದುವರ್ಗೂ ಮುಟ್ಕೊಂಡಿಲ್ಲ.
ಅಗೋ, ಮಲಗಿರೋ ಎಮ್ಮೆ."
ನನಗೆ ಎಮ್ಮೆ ಕಾಣಲಿಲ್ಲ.
ಧನ್ವಿಗೆ ಎಮ್ಮೆಯ ಕರುವೂ ಕಂಡಿತು.
ಹೆಸರು ಯಾರಿಟ್ಟರು ಎಂದೆ.
"ನಾನೇ ಕಣಮ್ಮ, ಹೋದ ದಸರಾದಲ್ಲಿ.
ಹೆಸರಿಲ್ದಿದ್ರೆ ಯಾರು ಇಳಿದು ಫೋಟೋ ತೆಗೀತಾರೆ?"

ದೂರಕ್ಕೆ ತೊಣ್ಣೂರು ಕೆರೆ ತೋರಿಸಿದ,
ಒಣಗಹಾಕಿ ಮರೆತ ನೀಲಿ ರವಿಕೆ ಕಣದಷ್ಟು.
ಸಕ್ಕರೆ ಕಾರ್ಖಾನೆಯ ಹೊಗೆ ತೋರಿಸಲಿಲ್ಲ,
ಅದಾಗಿಯೇ ಕಂಡಿತು.

ವಾಪಸು ಬರುವಾಗ, ಪಟ್ಟಿಯಲ್ಲಿಲ್ಲದ ಕಡೆ,
ಎಂಜಿನ್ ಆರಿಸಿದ.
ಗೌಜಲಕ್ಕಿಗಳು ಬುರ್ರನೆ ಎದ್ದು
ಮೌನ ಇನ್ನಷ್ಟು ಹೆಚ್ಚಾಯಿತು.
ಲಾರಿಯಷ್ಟು ಉದ್ದದ ಬಂಡೆ.
ಮೈಮೇಲೆ ದಾರ ಹಿಡಿದು ತೋಡಿದಂತೆ ಕುಳಿ,
ಗೇಣಿಗೊಂದು, ಒಟ್ಟು ಹನ್ನೊಂದು,
ಒಳಗೆ ಬೆರಳಿನಷ್ಟು ನೀರು, ನೀರಿಗೆ ಬಿದ್ದ ಇರುವೆ.
ಇದಕ್ಕೇನು ಹೆಸರು?
"ಇಲ್ಲ."

ಟವೆಲ್ಲಿನಿಂದ ಸ್ಟಿಯರಿಂಗ್ ಒರೆಸಿ, ಮತ್ತೆ ಒರೆಸಿ,
"ನಮ್ಮಪ್ಪ ಹೊಡೆದಿದ್ದು. ಬೆಣೆ ಇಕ್ಕೋ ಹೊತ್ಗೆ
ಕ್ವಾರಿ ನಿಲ್ಲಿಸ್ಬುಟ್ರು. ಹನ್ನೆರಡನೇದು ಬಾಕಿ.
ಆಗ ನಾನು ಟ್ರ್ಯಾಕ್ಟರಲ್ಲಿ
ಕಲ್ಲನ್ನ ಮೈಸೂರಿಗೆ ಸಾಗಿಸ್ತಿದ್ದೆ.
ಈಗ ಮೈಸೂರಿನೋರ್ನ ಕಲ್ಲತ್ರ ತತ್ತೀನಿ.
ಡೀಸೆಲ್ಲು ಅಷ್ಟೇ ಕುಡೀತದೆ."

ಬಂಡೆ ಉಳೀತಲ್ಲ, ಒಳ್ಳೇದೇ ಆಯ್ತು
ಎಂದರು ನಂಜನಗೂಡಿನಾಕೆ.
ಅವನು ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ.
ಧನ್ವಿ ಮಾತ್ರ ಇಳಿದು ಒಂದೊಂದರಲ್ಲೂ ಬೆರಳದ್ದಿ
ಕೊನೆಗೆ ಕೇಳಿದಳು:
ಹನ್ನೆರಡನೇದು ಎಲ್ಲಿ ಬರ್ತಿತ್ತು, ಅಂಕಲ್?
ಹುಡುಕಲೇ ಇಲ್ಲ ಅವನು.
ನೇರ ಹೋಗಿ ಹೆಬ್ಬೆರಳಿಟ್ಟ.
ನುಣ್ಣಗಿತ್ತು ಅಲ್ಲಿ.

ರಾತ್ರಿ ಸರಸ್ವತಿಪುರದ ಮನೆ.
ಕಿವಿಯೊಳಗೂ ಕೆಮ್ಮಣ್ಣು.
ಅಪ್ಪ ಎಂಬತ್ತೆರಡರಲ್ಲಿ ಹಾಕಿಸಿದ ಹೊರಮೆಟ್ಟಿಲ ಮೇಲೆ
ಚಪ್ಪಲಿ ಕೊಡವುತ್ತ ಕೂತವಳ ಕೈ
ಕಲ್ಲಿನ ಅಂಚಿನ ಕೆಳಗೆ ಹೋಯಿತು.
ಅರ್ಧರ್ಧ ಸೀಳಿದ ಕೊಳವೆಯ ಹಾಗೆ
ಒಂದು, ಅದರಿಂದ ಗೇಣು ದೂರಕ್ಕೆ ಇನ್ನೊಂದು.
ನಲವತ್ತು ವರ್ಷ ಇಲ್ಲೇ ಕೂತು ಹೂ ಕಟ್ಟಿದ್ದೇನೆ.

ಬೆರಳು ಸರಿಯಾಗಿ ಹಿಡಿಸುತ್ತದೆ.
ಐದು ಸಿಕ್ಕವು.
ಆರನೆಯದಕ್ಕೆ ತುಳಸಿಯ ಕುಂಡ ಅಡ್ಡ.
ಎತ್ತಿ ನೋಡಬೇಕು,
ಸೊಂಟದ ನೋವು ಇಳಿದ ಮೇಲೆ.